ಕತ್ತಿ ತೊಳೆದರೆ ಸಾಲದು

ಇವತ್ತು ನಾವು ಮಾತಾಡೋದು ಗಡ್ಡ ಹೆರೆಯುವ ಕತ್ತಿಯ ವಿಷಯ. ನಗಬೇಡಿ. "ಗಡ್ಡ ಗಂಡಸರದ್ದು, ಕತ್ತಿ ಗಂಡಸರದ್ದು, ನಮಗೇಕೆ ಈ ಮಾತು?" ಅಂತ ನಿಮಗೆ ಅನ್ನಿಸಬಹುದು. ಆದರೆ ಯೋಚನೆ ಮಾಡಿ ನೋಡಿ. ಗಡ್ಡ ಮಾಡಿಕೊಂಡ ಮೇಲೆ ಮಗ್ಗು, ಬ್ರಷ್ಷು, ಕತ್ತಿ ಎಲ್ಲ ಅಲ್ಲೇ ಬಚ್ಚಲ ಕಟ್ಟೆ ಮೇಲೆ ಬಿಟ್ಟು ಗಂಡಸರು ಎದ್ದು ಹೋಗುತ್ತಾರೆ. ತೊಳೆದು ಗೂಡಿನಲ್ಲಿ ಎತ್ತಿಡುವವರು ಯಾರು? ನಾವೇ. ಮಗುವಿನ ಉಗುರು ಕತ್ತರಿಸಲು ಬ್ಲೇಡು ಹುಡುಕುವವರು ಯಾರು? ನಾವೇ. ರವಿಕೆಯ ಹೊಲಿಗೆ ಬಿಚ್ಚಲು ಅದೇ ಬ್ಲೇಡು. ಮಗುವಿನ ಕೂದಲು ತೆಗೆಸುವಾಗ ಮಗುವನ್ನು ತೊಡೆ ಮೇಲೆ ಹಿಡಿದು ಕೂರುವವರೂ ನಾವೇ. ಬಾಯಿಬಿಟ್ಟು ಹೇಳದಿದ್ದರೂ, ನಮ್ಮಲ್ಲಿ ಎಷ್ಟೋ ಜನ ಕಂಕುಳ ಕೂದಲು ತೆಗೆಯಲು ಗಂಡನ ಬ್ಲೇಡನ್ನೇ ಬಳಸುತ್ತೇವೆ. ಹಾಗಾಗಿ ಈ ಕತ್ತಿ ನಮ್ಮದೂ ಹೌದು.

ಮನೆಗಳಲ್ಲಿ ಮೂರು ತರಹದ ಕತ್ತಿ ಇರುತ್ತವೆ. ಒಂದು, ಹಳೇ ಕಾಲದ ಮಡಿಸುವ ಕತ್ತಿ. ಅಜ್ಜನ ಕಾಲದ್ದು. ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಯ ಮೇಲೆ ಎಳೆದು ಹರಿತ ಮಾಡುತ್ತಾರೆ. ಅದಕ್ಕೆ ಬ್ಲೇಡು ಬದಲಾಯಿಸುವುದು ಅಂತ ಇಲ್ಲ. ಒಂದೇ ಅಲಗು, ನಲವತ್ತು ವರ್ಷ ಬರುತ್ತದೆ. ಎರಡನೆಯದು ನೋಡಲು ಹಾಗೇ ಇರುತ್ತದೆ, ಆದರೆ ಬಾಯಿಯಲ್ಲಿ ಅರ್ಧ ಬ್ಲೇಡು ಸಿಕ್ಕಿಸಬಹುದು. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಇದನ್ನೇ ಬಳಸುತ್ತಾರೆ. ಮೂರನೆಯದು ಶೇವಿಂಗ್ ಸೆಟ್ಟು. ಅದು ನಿಮಗೆ ಗೊತ್ತೇ ಇದೆ. ಇವತ್ತಿನ ಮಾತು ಮುಖ್ಯವಾಗಿ ಮೊದಲ ಎರಡರ ಬಗ್ಗೆ. ಅದರಲ್ಲೂ ಅಜ್ಜನ ಕತ್ತಿಯ ಬಗ್ಗೆ.

ಗಡ್ಡ ಹೆರೆಯುವಾಗ ಏನಾಗುತ್ತದೆ? ಕೂದಲು ಮಾತ್ರ ಹೋಗುತ್ತದೆ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಕತ್ತಿ ಚರ್ಮದ ಮೇಲೆ ಹಾದು ಹೋಗುವಾಗ ಚರ್ಮದ ಮೇಲಿನ ಪದರವನ್ನೂ ಸ್ವಲ್ಪ ಹೆರೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಬೀಳುತ್ತವೆ. ಕ್ಷೌರ ಆದ ಮೇಲೆ ಪಟಿಕ ಉಜ್ಜಿದಾಗ ಚುರ್ ಅನ್ನುತ್ತದಲ್ಲ, ಅದು ಆ ಗೀರುಗಳ ಉರಿ. ಆ ಗೀರಿನಿಂದ ಸೂಜಿಮೊನೆಗಿಂತ ಕಡಿಮೆ ರಕ್ತ ಕತ್ತಿಗೆ ಹತ್ತಿದರೂ ನಮಗೆ ಕಾಣುವುದಿಲ್ಲ. ನೊರೆ, ಕೂದಲಿನ ಚೂರು, ಸತ್ತ ಚರ್ಮ ಎಲ್ಲ ಕತ್ತಿಯ ಕೀಲಿನಲ್ಲಿ ಹೋಗಿ ಕೂರುತ್ತವೆ. ನಾವು ನಲ್ಲಿ ಕೆಳಗೆ ಹಿಡಿದು ಎರಡು ಸಲ ಒದರುತ್ತೇವೆ. ಕತ್ತಿ ಫಳಫಳ ಹೊಳೆಯುತ್ತದೆ. ಶುಚಿಯಾಯಿತು ಅಂದುಕೊಳ್ಳುತ್ತೇವೆ.

ಕತ್ತಿ ಹೊಳೆಯುವುದು ಬೇರೆ, ಕತ್ತಿ ಶುಚಿಯಾಗಿರುವುದು ಬೇರೆ.

ಒಬ್ಬರಿಂದ ಒಬ್ಬರಿಗೆ ಕತ್ತಿ ಏನೇನು ಹೊತ್ತು ತರುತ್ತದೆ ಅಂತ ಈಗ ನೋಡೋಣ. ಸಣ್ಣ ತೊಂದರೆ ಅಂದರೆ ಕೀವುಗುಳ್ಳೆ, ಹುಳುಕಡ್ಡಿ. ಗಲ್ಲದ ಮೇಲೆ, ಕತ್ತಿನ ಹಿಂದೆ ದುಂಡಗೆ ಕೆಂಪು ಕಲೆ ಎದ್ದು ತುರಿಸುತ್ತದೆ. ಮುಲಾಮು ಹಚ್ಚಿದರೆ ಹೋಗುತ್ತದೆ. ಮನೆಯಲ್ಲಿ ಒಬ್ಬರಿಗೆ ಹೋಗಿ ಇನ್ನೊಬ್ಬರಿಗೆ ಬರುತ್ತಲೇ ಇದ್ದರೆ ಕತ್ತಿಯನ್ನು, ಬ್ರಷ್ಷನ್ನು, ಟವೆಲ್ಲನ್ನು ಅನುಮಾನಿಸಬೇಕು.

ದೊಡ್ಡ ತೊಂದರೆ ಕಾಮಾಲೆ. ಕಾಮಾಲೆ ಅಂದ ಕೂಡಲೇ ಕೆಟ್ಟ ನೀರು ಕುಡಿದು ಬರುವ ಕಾಮಾಲೆ ನೆನಪಾಗುತ್ತದೆ. ಅದು ಒಂದು ಬಗೆ. ರಕ್ತದಿಂದ ಬರುವ ಕಾಮಾಲೆ ಬೇರೆ ಇದೆ. ಡಾಕ್ಟರು ಅದಕ್ಕೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅಂತ ಹೆಸರು ಹೇಳುತ್ತಾರೆ. ನಿಧಾನವಾಗಿ ಲಿವರನ್ನು ತಿನ್ನುವ ರೋಗ ಇದು. ಕಣ್ಣು ಹಳದಿ ಆಗಲೇಬೇಕು ಅಂತಿಲ್ಲ. ಇಪ್ಪತ್ತು ವರ್ಷ ಆರಾಮಾಗಿ ಹೊಲದಲ್ಲಿ ದುಡಿದ ಮನುಷ್ಯನ ರಕ್ತದಲ್ಲೂ ಅದು ಇರಬಹುದು. ಅವನಿಗೇ ಗೊತ್ತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. ಆ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಹೆಪಟೈಟಿಸ್ ಬಿ ಇದ್ದವರು ಹತ್ತಿರ ಹತ್ತಿರ 3 ಕೋಟಿ ಜನ. ಮುಖ ನೋಡಿ ಅವರನ್ನು ಗುರುತಿಸಲು ಆಗುವುದಿಲ್ಲ.

ಈ ಹೆಪಟೈಟಿಸ್ ಬಿ ರೋಗಾಣು ಬಹಳ ಗಟ್ಟಿ ಪಿಂಡ. ದೇಹದಿಂದ ಹೊರಗೆ ಬಂದು, ಒಣಗಿ, ಒಂದು ವಾರ ಕಳೆದ ಮೇಲೂ ಅದಕ್ಕೆ ಜೀವ ಇರುತ್ತದೆ. ಭಾನುವಾರ ಮಾವ ಗಡ್ಡ ಮಾಡಿಕೊಂಡ ಕತ್ತಿ, ಮುಂದಿನ ಶನಿವಾರ ಮೈದುನನ ಕೈಗೆ ಬಂದಾಗ ಒಣಗಿ ಗರಿಗರಿ ಆಗಿರುತ್ತದೆ. "ಒಣಗಿದೆ ಬಿಡು" ಅನ್ನುವಂತಿಲ್ಲ.

ಇನ್ನು ಎಚ್.ಐ.ವಿ. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆ ಆದದ್ದು 1986ರಲ್ಲಿ, ಮದ್ರಾಸಿನಲ್ಲಿ. ಆಮೇಲೆ ಹರಡಿದ ಭಯ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ನಿಜ ಹೇಳಬೇಕು ಅಂದರೆ ಈ ರೋಗಾಣು ಅಷ್ಟು ಗಟ್ಟಿ ಅಲ್ಲ. ಗಾಳಿಗೆ ಒಣಗಿದರೆ ಬೇಗ ಸೊರಗುತ್ತದೆ. ಕತ್ತಿಯಿಂದ ಎಚ್.ಐ.ವಿ. ಬರುವ ಸಂಭವ ಬಹಳ ಕಡಿಮೆ. ಆದರೆ ಹಸಿ ರಕ್ತ ಹತ್ತಿದ ಕತ್ತಿಯನ್ನು ಒಬ್ಬರ ಹಿಂದೆ ಒಬ್ಬರು ಬಳಸಬಾರದು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಎಚ್.ಐ.ವಿ. ಇದ್ದವರ ಜೊತೆ ಕೂತು ಉಂಡರೆ, ಅವರ ಬಟ್ಟೆ ಒಗೆದರೆ, ಅವರ ಮಗುವನ್ನು ಎತ್ತಿಕೊಂಡರೆ ಏನೂ ಆಗುವುದಿಲ್ಲ. ಹೆಪಟೈಟಿಸ್ ಬಿ ಇದ್ದವರ ತಟ್ಟೆ ಲೋಟ ಬೇರೆ ಇಡುವ ಅಗತ್ಯವೂ ಇಲ್ಲ. ಬೇರೆ ಇಡಬೇಕಾದದ್ದು ಕತ್ತಿ, ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ಷು.

ಹಾಗೇ ನಮ್ಮೂರ ಕ್ಷೌರದವರನ್ನು ದೂರಬೇಡಿ. ನಮ್ಮ ಮಕ್ಕಳ ಜವಳಕ್ಕೆ, ಮದುವೆಗೆ, ಮನೆಯ ಹಿರಿಯರ ಸಾವಿಗೆ ಕರೆದ ಕೂಡಲೇ ಬಂದವರು ಅವರು. ದಿನಕ್ಕೆ ಹತ್ತಾರು ಜನರ ಕೂದಲು ತೆಗೆಯುವವರಿಗೆ ರೋಗ ತಗುಲುವ ಭಯ ನಮಗಿಂತ ಹೆಚ್ಚು. "ಹೊಸ ಬ್ಲೇಡು ಹಾಕಣ್ಣ" ಅಂತ ನಾವು ಕೇಳಿದರೆ ಅವರಿಗೂ ಒಳ್ಳೆಯದೇ. ಮನೆಯ ಕತ್ತಿಯ ಜವಾಬ್ದಾರಿಯನ್ನು ಅವರ ತಲೆಗೆ ಕಟ್ಟಲು ಬರುವುದಿಲ್ಲ.

ಈಗ ಕತ್ತಿ ಶುಚಿ ಮಾಡೋದು ಹೇಗೆ? ಇದರಲ್ಲಿ ಎರಡು ಕೆಲಸ ಇದೆ. ಮೊದಲು ತೊಳೆಯಬೇಕು. ಆಮೇಲೆ ರೋಗಾಣು ಕೊಲ್ಲಬೇಕು. ತೊಳೆಯದೆ ಕೊಲ್ಲಲು ಹೋದರೆ ಆಗುವುದಿಲ್ಲ. ಸೀದ ಪಾತ್ರೆಯ ಮೇಲೆ ನೀರು ಸುರಿದರೆ ತಳದ ಸೀಕು ಬಿಡುತ್ತದೆಯೇ? ಕೊಳೆ ಅಡಿಯಲ್ಲಿ ಅವಿತ ರೋಗಾಣುವಿಗೆ ಔಷಧಿ ಮುಟ್ಟುವುದೇ ಇಲ್ಲ.

ತೊಳೆಯುವಾಗ ಮೊದಲು ತಣ್ಣೀರು. ಬಿಸಿನೀರು ಸುರಿದರೆ ರಕ್ತ ಅಲ್ಲೇ ಬೆಂದು ಅಂಟಿಕೊಳ್ಳುತ್ತದೆ. ರಕ್ತದ ಕಲೆ ಬಟ್ಟೆಗೆ ಬಿದ್ದಾಗ ನಾವು ತಣ್ಣೀರಲ್ಲೇ ಒಗೆಯುತ್ತೇವೆ ಅಲ್ಲವೇ, ಹಾಗೇ ಇದು. ಆಮೇಲೆ ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ. ಕತ್ತಿಯನ್ನು ಪೂರ್ತಿ ಬಿಚ್ಚಿ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕತ್ತಿಯ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಉಜ್ಜಿ. ಬಾಯಿಯಿಂದ ಬೆನ್ನಿನ ಕಡೆಗೆ ಉಜ್ಜಬಾರದು, ಉದ್ದಕ್ಕೂ ಎಳೆಯಬಾರದು. ಬೆರಳಿನಿಂದ ಒರೆಸಲೇಬಾರದು. ಹಿಡಿಯ ಒಳಗಿನ ಸಂದಿ, ಕೀಲಿನ ಸುತ್ತ ಚೆನ್ನಾಗಿ ಉಜ್ಜಿ. ಕೊಳೆ ಇರುವುದೇ ಅಲ್ಲಿ. ಬೂದಿ, ಮರಳು, ಪಾತ್ರೆ ಉಜ್ಜುವ ತಂತಿ ಯಾವುದೂ ಬೇಡ. ಗೀರು ಬಿದ್ದರೆ ಆ ಗೀರಲ್ಲಿ ಮತ್ತೆ ಕೊಳೆ ಕೂರುತ್ತದೆ. ಕೈಗೆ ಗಾಯ ಇದ್ದರೆ ಅವತ್ತು ಈ ಕೆಲಸ ನೀವು ಮಾಡಬೇಡಿ. ಕತ್ತಿ ಯಾರದ್ದೋ ಅವರೇ ಮಾಡಲಿ. ಹಾಗೆ ನೋಡಿದರೆ ದಿನವೂ ಅವರೇ ಮಾಡಿದರೆ ಇನ್ನೂ ಒಳ್ಳೆಯದು.

ತೊಳೆದಾದ ಮೇಲೆ ಚೆನ್ನಾಗಿ ಬೆಳಕಿಗೆ ಹಿಡಿದು ನೋಡಿ. ಕೊಳೆ ಇಲ್ಲ ಅಂದರೆ ಎರಡನೆಯ ಕೆಲಸ.

ರೋಗಾಣು ಕೊಲ್ಲಲು ಮನೆಯಲ್ಲಿ ಎರಡು ದಾರಿ ಇವೆ. ಒಂದು ಕುದಿಸುವುದು, ಇನ್ನೊಂದು ಸ್ಪಿರಿಟ್ಟಿನಲ್ಲಿ ಮುಳುಗಿಸುವುದು. ಪೂರ್ತಿ ಸ್ಟೀಲಿನ ಕತ್ತಿ ಆಗಿದ್ದರೆ, ಅಂದರೆ ಬ್ಲೇಡು ಸಿಕ್ಕಿಸುವ ಕತ್ತಿ ಆಗಿದ್ದರೆ, ಬ್ಲೇಡು ತೆಗೆದು ಕುದಿಸಬಹುದು. ಅಡಿಗೆಯ ಪಾತ್ರೆ ಬೇಡ, ಹಳೇ ಪಾತ್ರೆ ಒಂದನ್ನು ಇದಕ್ಕೇ ಬೇರೆ ಇಡಿ. ಕತ್ತಿ ಪೂರ್ತಿ ಮುಳುಗುವಷ್ಟು ನೀರು ಇರಬೇಕು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ 20 ನಿಮಿಷ. ಒಲೆ ಹಚ್ಚಿದಾಗಿನಿಂದ ಅಲ್ಲ, ಕುದಿ ಬಂದಾಗಿನಿಂದ. ನಡುವೆ ಇನ್ನೊಂದು ವಸ್ತು ಹಾಕಿದರೆ ಮತ್ತೆ ಮೊದಲಿನಿಂದ 20 ನಿಮಿಷ ಎಣಿಸಬೇಕು. ಕುದಿಸಿದ ಮೇಲೆ ನೀರು ಬಸಿದು, ಕತ್ತಿ ತಣ್ಣಗಾದ ಮೇಲೆ ತೆಗೆಯಿರಿ. ಒರೆಸಲು ಸೀರೆ ಸೆರಗು ಬಳಸಬೇಡಿ. ಗಾಳಿಗೆ ಆರಲಿ, ಇಲ್ಲವೆ ಒಗೆದು ಒಣಗಿಸಿದ ಬಟ್ಟೆ ಇರಲಿ.

ಅಜ್ಜನ ಮಡಿಸುವ ಕತ್ತಿಯನ್ನು ಹೀಗೆ ಕುದಿಸಲು ಬರುವುದಿಲ್ಲ. ಅದರ ಹಿಡಿ ಕೊಂಬಿನದ್ದೋ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಇರುತ್ತದೆ. ಕುದಿಸಿದರೆ ಹಿಡಿ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಅಲಗಿಗೆ ತುಕ್ಕು ಹಿಡಿಯುತ್ತದೆ. ಆಗ ಮನೆಯಲ್ಲಿ ಏನು ರಾಮಾಯಣ ಆಗುತ್ತದೆ ಅಂತ ನಿಮಗೇ ಗೊತ್ತು. ಇದಕ್ಕೆ ಸ್ಪಿರಿಟ್ಟೇ ಸರಿ.

ಔಷಧಿ ಅಂಗಡಿಗೆ ಹೋಗಿ ಸ್ಪಿರಿಟ್ ಕೇಳಿ. ಇಲ್ಲಿ ನೀವು ಕಲಿತ ಓದು ಕೆಲಸಕ್ಕೆ ಬರುತ್ತದೆ. ಬಾಟಲಿ ಮೇಲೆ ಬಹಳ ಸಲ ಇಂಗ್ಲಿಷೇ ಇರುತ್ತದೆ. ಕನ್ನಡದ ಊರಲ್ಲಿ ಮಾರುವ ಔಷಧಿ ಮೇಲೆ ಕನ್ನಡ ಇಲ್ಲ ಅಂದರೆ ನಮಗೆ ಸಿಟ್ಟು ಬರುತ್ತದೆ. ಇರಲಿ, ಅಂಕಿ ಓದಲು ನಿಮಗೆ ಬರುತ್ತದಲ್ಲ. 70 ಅನ್ನುವ ಅಂಕಿ ಹುಡುಕಿ. 100 ಭಾಗದಲ್ಲಿ 70 ಭಾಗ ಸ್ಪಿರಿಟ್, ಉಳಿದದ್ದು ನೀರು ಅಂತ ಅದರ ಅರ್ಥ. "ಇನ್ನೂ ಹೆಚ್ಚು ಇದ್ದರೆ ಇನ್ನೂ ಒಳ್ಳೆಯದಲ್ಲವೇ?" ಅಂತ ಕೇಳಬಹುದು. ಅಲ್ಲ. ಸ್ವಲ್ಪ ನೀರು ಇದ್ದರೇನೇ ಅದು ರೋಗಾಣುವಿನ ಒಳಗೆ ಇಳಿದು ಕೊಲ್ಲುತ್ತದೆ. ಅಂಕಿ ಸಿಗದಿದ್ದರೆ ಅಂಗಡಿಯವರನ್ನು ಕೇಳಿ ತೋರಿಸಿಕೊಳ್ಳಿ. ಬಾಟಲಿ ಎಂದಿನವರೆಗೆ ಬರುತ್ತದೆ ಅನ್ನುವ ತಾರೀಖನ್ನೂ ಓದಿ.

ಕತ್ತಿ ಬಿಚ್ಚಿದಾಗ ಹಿಡಿಯುವಷ್ಟು ಎತ್ತರದ ಗಾಜಿನ ಬಾಟಲಿ, ಮುಚ್ಚಳ ಇರುವಂಥದ್ದು ಹುಡುಕಿ. ಕತ್ತಿಯ ಅಲಗು, ಕೀಲು ಎರಡೂ ಮುಳುಗುವಷ್ಟು ಸ್ಪಿರಿಟ್ ಹಾಕಿ. 10 ನಿಮಿಷ ಮುಳುಗಿಸಿ ಇಡಿ. ಹತ್ತಿಗೆ ಸ್ಪಿರಿಟ್ ಹಾಕಿ ಒಂದು ಸಲ ಒರೆಸಿದರೆ ಸಾಲದು. ಒರೆಸಿದ್ದು ಎರಡು ಉಸಿರು ಎಳೆಯುವಷ್ಟರಲ್ಲಿ ಆರಿ ಹೋಗುತ್ತದೆ. ರೋಗಾಣು ಸಾಯಲು ಹೊತ್ತು ಬೇಕು. ಹತ್ತು ನಿಮಿಷ ಆದ ಮೇಲೆ ತೆಗೆದು ಬಿಚ್ಚಿದ ಹಾಗೇ ಆರಲು ಬಿಡಿ. ಸ್ಪಿರಿಟ್ ಮೋಡ ಮೋಡ ಆದರೆ, ಅದರಲ್ಲಿ ಕೂದಲು ತೇಲಿದರೆ ಚೆಲ್ಲಿ ಹೊಸದು ಹಾಕಿ. 2020ರಲ್ಲಿ ಕೊರೋನಾ ಬಂದಾಗ ಕೈಗೆ ಹಾಕಿಕೊಂಡೆವಲ್ಲ ಸ್ಯಾನಿಟೈಸರ್, ಅದು ಬೇಡ. ಅದರಲ್ಲಿ ಅಂಟು ಇರುತ್ತದೆ, ಕೀಲಿನಲ್ಲಿ ಹೋಗಿ ಮೆತ್ತಿಕೊಳ್ಳುತ್ತದೆ.

ಸ್ಪಿರಿಟ್ ಬೆಂಕಿಗೆ ಪೆಟ್ರೋಲಿನ ತಮ್ಮ. ಒಲೆ ಹತ್ತಿರ, ದೇವರ ದೀಪದ ಹತ್ತಿರ, ಬೀಡಿ ಸೇದುವವರ ಹತ್ತಿರ ಬಾಟಲಿ ತೆರೆಯಬೇಡಿ. ಬಾಟಲಿ ಮೇಲೆ ಒಂದು ಚೀಟಿ ಅಂಟಿಸಿ, ನಿಮ್ಮ ಕೈಯಲ್ಲೇ ದಪ್ಪ ಅಕ್ಷರದಲ್ಲಿ 'ವಿಷ' ಅಂತ ಬರೆಯಿರಿ. ಎರಡೇ ಅಕ್ಷರ. ನೀರಿನ ಹಾಗೆ ಬೆಳ್ಳಗೆ ಇರುತ್ತದೆ ನೋಡಿ, ಮಕ್ಕಳು ಕುಡಿದುಬಿಡಬಹುದು. ಮಕ್ಕಳ ಕೈಗೆ ಮಾತ್ರ ಅಲ್ಲ, ಕುಡಿತದ ಚಟ ಇರುವವರ ಕೈಗೂ ಸಿಗದ ಹಾಗೆ ಇಡಿ. ನಾವು ತಮಾಷೆಗೆ ಹೇಳುತ್ತಿಲ್ಲ.

ಆರಿದ ಮೇಲೆ ಅಲಗಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ತುಕ್ಕು ಹಿಡಿಯುವುದಿಲ್ಲ. ಒದ್ದೆ ಕತ್ತಿಯನ್ನು ಮಡಿಸಬೇಡಿ. ಬಚ್ಚಲಲ್ಲಿ ಇಡಬೇಡಿ, ಒಣ ಜಾಗದಲ್ಲಿ ಇಡಿ. ಇನ್ನು ಆ ಚರ್ಮದ ಪಟ್ಟಿ. ಕತ್ತಿಯನ್ನು ಎಷ್ಟು ಶುಚಿ ಮಾಡಿದರೂ, ಹತ್ತು ಜನರ ಕತ್ತಿ ಎಳೆದ ಪಟ್ಟಿಯ ಮೇಲೆ ಮತ್ತೆ ಎಳೆದರೆ ಮಾಡಿದ ಕೆಲಸ ನೀರುಪಾಲು. ಚರ್ಮವನ್ನು ಕುದಿಸಲೂ ಆಗದು, ಸ್ಪಿರಿಟ್ಟಿನಲ್ಲಿ ನೆನೆಸಲೂ ಆಗದು. ಹಾಗಾಗಿ ಒಂದು ಕತ್ತಿಗೆ ಒಂದು ಪಟ್ಟಿ, ಎರಡೂ ಒಬ್ಬರದೇ.

"ನಮ್ಮ ಮನೆಯಲ್ಲಿ ಮಗ್ಗಿನ ನೀರಿಗೆ ನಾಲ್ಕು ಹನಿ ಡೆಟ್ಟಾಲ್ ಹಾಕಿ ಕತ್ತಿ ಅದ್ದುತ್ತೇವೆ, ಅದು ಸಾಲದೇ?" ಎಲ್ಲ ಊರಲ್ಲೂ ಈ ಪ್ರಶ್ನೆ ಬರುತ್ತದೆ. ಸಾಲದು. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಆಸ್ಪತ್ರೆಯ ವಾಸನೆ ಬರುತ್ತದೆ, ನಮಗೆ ಧೈರ್ಯ ಬರುತ್ತದೆ. ಆದರೆ ಗಟ್ಟಿ ರೋಗಾಣು ಅಷ್ಟಕ್ಕೆಲ್ಲ ಸಾಯುತ್ತದೆ ಅಂತ ನಂಬಲು ಆಗುವುದಿಲ್ಲ. ಕೆಲವರು ದೀಪದ ಉರಿಯ ಮೇಲೆ ಕತ್ತಿಯನ್ನು ಹಾಯಿಸುತ್ತಾರೆ. ಬೇಗ ಹಾಯಿಸಿದರೆ ರೋಗಾಣು ಸಾಯುವುದಿಲ್ಲ, ನಿಧಾನವಾಗಿ ಹಿಡಿದರೆ ಕತ್ತಿಯ ಹದ ಹೋಗಿ ಅಲಗು ಮೆತ್ತಗಾಗುತ್ತದೆ. ಬಿಸಿಲಿಗೆ ಇಡುವುದು, ಅರಿಶಿನದ ನೀರಿಗೆ ಅದ್ದುವುದು, ಪಟಿಕ ಉಜ್ಜುವುದು ಇವೆಲ್ಲ ಕತ್ತಿಯನ್ನು ಶುಚಿ ಮಾಡುವ ದಾರಿ ಅಲ್ಲ. ಪಟಿಕ ಗಲ್ಲಕ್ಕೆ ಸರಿ. ಅದೂ ಒಂದೇ ತುಂಡನ್ನು ಎಲ್ಲರ ಗಲ್ಲಕ್ಕೂ ಉಜ್ಜಬಾರದು. ಆ ತುಂಡಿಗೂ ರಕ್ತ ಹತ್ತಿರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಮುಚ್ಚಿಟ್ಟು ಮಾತಾಡುವುದು ಬೇಡ. ಧನುರ್ವಾಯು ರೋಗದ ಬೀಜ ಮಣ್ಣಲ್ಲಿ, ಸಗಣಿಯಲ್ಲಿ, ಧೂಳಲ್ಲಿ ಇರುತ್ತದೆ. ಅದು ಸ್ಪಿರಿಟ್ಟಿಗೆ ಸಾಯುವುದಿಲ್ಲ. ನೀರಲ್ಲಿ ಕುದಿಸಿದರೂ ಖಂಡಿತ ಸಾಯುತ್ತದೆ ಅನ್ನಲು ಬರುವುದಿಲ್ಲ. ಅದಕ್ಕೆ ಚುಚ್ಚುಮದ್ದೇ ದಾರಿ. ತುಕ್ಕಿನಿಂದ ಧನುರ್ವಾಯು ಬರುತ್ತದೆ ಅನ್ನುತ್ತಾರಲ್ಲ, ತುಕ್ಕೇ ರೋಗ ತರುವುದಲ್ಲ. ತುಕ್ಕು ಹಿಡಿದ ವಸ್ತು ಮಣ್ಣುಧೂಳಲ್ಲಿ ಬಿದ್ದಿರುತ್ತದೆ, ಅದರ ಸಂದಿಯಲ್ಲಿ ಆ ಬೀಜ ಕೂತಿರುತ್ತದೆ. ಹಳೇ ಮಡಿಸುವ ಕತ್ತಿಯನ್ನು ಮನೆಯಲ್ಲಿ ಆಸ್ಪತ್ರೆಯ ಕತ್ತರಿಯಷ್ಟು ಶುಚಿ ಮಾಡಲು ಆಗುವುದಿಲ್ಲ. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಆ ಕತ್ತಿ ಒಬ್ಬರದ್ದು. ಮಾವನವರದ್ದು ಅಂದರೆ ಮಾವನವರದ್ದು ಮಾತ್ರ. ಮೇಲೆ ಹೇಳಿದ ಶುಚಿ ಎಲ್ಲ ಅವರೊಬ್ಬರ ಮುಖಕ್ಕಾಗಿ. ನಾಲ್ಕು ಜನ ಹಂಚಿಕೊಳ್ಳಲು ಅದು ಪರವಾನಗಿ ಅಲ್ಲ.

ಈಗ ಮಕ್ಕಳ ವಿಷಯಕ್ಕೆ ಬರೋಣ. ನಾವು ಇಷ್ಟು ಹೊತ್ತು ಮಾತಾಡಿದ್ದು ಮುಖ್ಯವಾಗಿ ಇದಕ್ಕೇ.

ಮಗುವಿಗೆ ಜವಳ ತೆಗೆಸುತ್ತೇವೆ. ಒಂದು ವರ್ಷಕ್ಕೋ ಮೂರು ವರ್ಷಕ್ಕೋ, ಮನೆಯಲ್ಲೋ ದೇವಸ್ಥಾನದಲ್ಲೋ. ಮನೆಯಲ್ಲಿ ಮಾಡುವಾಗ ಎಷ್ಟೋ ಕಡೆ ಅಜ್ಜನ ಕತ್ತಿಯೇ ಹೊರಗೆ ಬರುತ್ತದೆ. "ನನಗೂ ಇದೇ ಕತ್ತಿ, ನಿನ್ನ ಗಂಡನಿಗೂ ಇದೇ ಕತ್ತಿ, ಮೊಮ್ಮಗನಿಗೂ ಇದೇ ಆಗಲಿ" ಅಂತ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಲೆಕ್ಕ ಕೇಳಿ. ದೊಡ್ಡವರಿಗೆ ಹೆಪಟೈಟಿಸ್ ಬಿ ತಗುಲಿದರೆ 100ರಲ್ಲಿ 95 ಜನಕ್ಕೆ ಕೆಲವು ತಿಂಗಳಲ್ಲಿ ದೇಹವೇ ಅದನ್ನು ಹೊರಗೆ ಹಾಕುತ್ತದೆ. ಒಂದು ವರ್ಷದ ಒಳಗಿನ ಮಕ್ಕಳಿಗೆ ತಗುಲಿದರೆ ತಿರುಗಾ ಮುರುಗಾ. 100 ಮಕ್ಕಳಲ್ಲಿ 90ರಷ್ಟು ಮಕ್ಕಳಲ್ಲಿ ಅದು ಹಾಗೇ ಉಳಿದುಬಿಡುತ್ತದೆ. ಆ ಮಗು ಬೆಳೆದು ನಲವತ್ತು ವರ್ಷ ಆದಾಗ ಲಿವರ್ ಗಟ್ಟಿಯಾಗಿ, ಕೆಲವರಿಗೆ ಕ್ಯಾನ್ಸರ್ ಆಗಿ ಹೊರಗೆ ಬೀಳಬಹುದು. ಜವಳದ ದಿನ ತಲೆಗೆ ಬಿದ್ದ ಗೀರು ಆಗ ಯಾರಿಗೆ ನೆನಪಿರುತ್ತದೆ?

ಮಗುವಿನ ತಲೆಯ ಚರ್ಮ ಬಹಳ ತೆಳು. ಮಗು ಅತ್ತು ತಲೆ ಒದರುತ್ತದೆ. ಗಾಯ ಆಗದೆ ಜವಳ ಮುಗಿಯುವುದೇ ಕಡಿಮೆ. ಆದ್ದರಿಂದ ಮಗುವಿಗೆ ಹೊಸ ಬ್ಲೇಡೇ ಆಗಬೇಕು, ಕಾಗದದ ಪೊಟ್ಟಣ ನಿಮ್ಮ ಕಣ್ಣೆದುರು ಒಡೆಯಬೇಕು. ಬ್ಲೇಡು ಹಿಡಿಯುವ ಕತ್ತಿಯನ್ನು ಮೊದಲೇ ತೊಳೆದು ಕುದಿಸಿ ಇಟ್ಟುಕೊಳ್ಳಿ. ತಲೆ ಚೆನ್ನಾಗಿ ಒದ್ದೆ ಮಾಡಿ, ಉದ್ದ ಕೂದಲನ್ನು ಮೊದಲು ಕತ್ತರಿಯಿಂದ ಮೊಟಕು ಮಾಡಿ. ತಲೆಯಲ್ಲಿ ಕಜ್ಜಿ, ಗಾಯ ಇದ್ದರೆ ಜವಳ ಮುಂದಕ್ಕೆ ಹಾಕಿ. ಒಳ್ಳೆಯ ದಿನ ಮುಂದೆ ಇನ್ನೊಂದು ಬರುತ್ತದೆ. ಗೀರು ಬಿದ್ದರೆ ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ, ರಕ್ತ ನಿಲ್ಲುತ್ತದೆ. ಆಮೇಲೆ ಸೋಪು ನೀರಲ್ಲಿ ತೊಳೆಯಿರಿ. ಕಾಫಿಪುಡಿ, ಬೂದಿ, ಮಣ್ಣು ಮೆತ್ತಬೇಡಿ.

ತಿರುಪತಿಯಲ್ಲಿ ಕಲ್ಯಾಣಕಟ್ಟೆ ನೋಡಿದವರಿಗೆ ಗೊತ್ತು. ಮುಡಿ ಕೊಡಲು ಹೋದರೆ ಚೀಟಿಯ ಜೊತೆ ಬ್ಲೇಡನ್ನೂ ಕೊಡುತ್ತಾರೆ. ಅಷ್ಟು ಜನ ಸೇರುವ ಕಡೆ ತಲೆಗೊಂದು ಬ್ಲೇಡು ಅಂತ ಇದ್ದರೆ, ನಾಲ್ಕು ಜನರ ನಮ್ಮ ಮನೆಯಲ್ಲಿ ಆಗದೇ? ಬೇರೆ ದೇವಸ್ಥಾನಕ್ಕೆ ಹೋಗುವಾಗ ಒಂದು ಪೊಟ್ಟಣ ಬ್ಲೇಡು ನೀವೇ ಹಣ್ಣುಕಾಯಿ ಜೊತೆ ಬುಟ್ಟಿಗೆ ಹಾಕಿಕೊಳ್ಳಿ.

ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹುಟ್ಟಿದ 24 ಗಂಟೆ ಒಳಗೆ ಒಂದು, ಆಮೇಲೆ 6, 10, 14 ವಾರಕ್ಕೆ. ತಾಯಿ ಕಾರ್ಡು ತೆಗೆದು ನೀವೇ ಓದಿ ನೋಡಿ, ಗುರುತು ಹಾಕಿದೆಯೋ ಇಲ್ಲವೋ ಅಂತ. ದೊಡ್ಡವರಿಗೆ ಅನುಮಾನ ಇದ್ದರೆ 2018ರಲ್ಲಿ ಶುರುವಾದ ಸರ್ಕಾರದ ಕಾಮಾಲೆ ಕಾರ್ಯಕ್ರಮದಲ್ಲಿ ರಕ್ತ ಪರೀಕ್ಷೆ, ಔಷಧಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.

ಬ್ಲೇಡಿನ ಮಾತು ಬಂದಾಗ ಹೊಕ್ಕಳ ಬಳ್ಳಿಯ ಮಾತು ಬಿಡಲು ಆಗುವುದಿಲ್ಲ. ಹಿಂದೆ ಮನೆಯಲ್ಲೇ ಹೆರಿಗೆ. ಕೈಗೆ ಸಿಕ್ಕಿದ್ದರಲ್ಲಿ ಬಳ್ಳಿ ಕೊಯ್ದರು. ಗಡ್ಡದ ಬ್ಲೇಡು, ಕುಡುಗೋಲು, ಏನು ಸಿಕ್ಕರೆ ಅದು. ನಾಲ್ಕನೆಯ ದಿನಕ್ಕೋ ಏಳನೆಯ ದಿನಕ್ಕೋ ಮಗು ಮೊಲೆ ಚೀಪುವುದು ಬಿಟ್ಟು, ಮೈ ಸೆಟೆದು ಹೋಗುತ್ತಿತ್ತು. ದೆವ್ವ ಹಿಡಿಯಿತು ಅಂದರು. ಅದು ಧನುರ್ವಾಯು. ಸೂಲಗಿತ್ತಿಯರಿಗೆ ಹೊಸ ಬ್ಲೇಡು ಇರುವ ಹೆರಿಗೆ ಪೊಟ್ಟಣ ಕೊಟ್ಟು, ಗರ್ಭಿಣಿಯರಿಗೆ ಚುಚ್ಚುಮದ್ದು ಹಾಕಿ, ಹೆರಿಗೆ ಆಸ್ಪತ್ರೆಯಲ್ಲಿ ಆಗುವಂತೆ ಮಾಡಿ ಅದನ್ನು ಹಿಮ್ಮೆಟ್ಟಿಸಲು ಎಷ್ಟೋ ವರ್ಷ ಹಿಡಿಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ತಾಯಿ ಮಗುವಿನ ಧನುರ್ವಾಯು ಹತೋಟಿಗೆ ಬಂತು ಅಂತ ಒಪ್ಪಿತು. ಆದರೂ ರೋಗದ ಬೀಜ ಮಣ್ಣಲ್ಲಿ ಇದ್ದೇ ಇದೆ. ಹೆರಿಗೆಗೆ ಆಸ್ಪತ್ರೆಗೇ ಹೋಗಿ. ದಾರಿಯಲ್ಲೇ ಹೆರಿಗೆ ಆಗಿಬಿಟ್ಟರೆ ಬಳ್ಳಿ ಕೊಯ್ಯಲು ಅವಸರ ಮಾಡಬೇಡಿ. ಮಗುವನ್ನು ಒರೆಸಿ, ತಾಯಿಯ ಎದೆ ಮೇಲೆ ಬೆಚ್ಚಗೆ ಮಲಗಿಸಿ, ಬಳ್ಳಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಫೋನ್ ಮಾಡಿ.

"ಇದೆಲ್ಲ ಸರಿ, ಮನೆಯಲ್ಲಿ ಮಾವನಿಗೆ ಹೇಳೋರು ಯಾರು?" ಅಂತ ನಮ್ಮನ್ನು ಕೇಳಿದವರು ಬಹಳ ಜನ. ಕತ್ತಿ ತೊಳೆಯುವುದಕ್ಕಿಂತ ಇದು ಕಷ್ಟದ ಕೆಲಸ. ನಮಗೆ ಗೊತ್ತು. ಜಗಳಕ್ಕೆ ನಿಲ್ಲಬೇಡಿ. ಮಾತು ಹೀಗೆ ತೆಗೆದು ನೋಡಿ.

"ಮಾವ, ಸಾಕ್ಷರತೆ ತರಗತಿಯಲ್ಲಿ ಒಂದು ಮಾತು ಹೇಳಿದರು. ಇನ್ನು ನಿಮ್ಮ ಕತ್ತಿ ನಿಮಗೇ ಇರಲಿ ಅಂತೀನಿ."

"ಯಾಕವ್ವ? ನನಗೇನು ರೋಗ ಬಂದಿದೆಯಾ?"

"ನಿಮಗಲ್ಲ ಮಾವ. ಬೇರೆಯವರ ರೋಗ ನಿಮಗೆ ಬರಬಾರದು ಅಂತ. ನಿಮ್ಮ ಮಗ ಪೇಟೆಗೆ ಹೋಗ್ತಾರೆ, ಸಿಕ್ಕ ಅಂಗಡಿಯಲ್ಲಿ ಗಡ್ಡ ಮಾಡಿಸ್ತಾರೆ. ಬಂದು ನಿಮ್ಮ ಕತ್ತಿ ತಗೋತಾರೆ."

"ಅದೂ ಸರಿಯೇ. ಆದರೆ ಮೊಮ್ಮಗನ ಜವಳಕ್ಕೆ?"

"ಜವಳ ನೀವೇ ಮುಂದೆ ನಿಂತು ಮಾಡಿಸಿ ಮಾವ. ಬ್ಲೇಡು ಮಾತ್ರ ಹೊಸದು ತರೋಣ."

ಒಂದು ಬ್ಲೇಡಿಗೆ ಆಗುವ ಖರ್ಚು ಪೇಟೆಯಲ್ಲಿ ಒಂದು ಲೋಟ ಚಹಾ ಕುಡಿಯುವ ಖರ್ಚಿಗಿಂತ ಕಡಿಮೆ ಅಂತಲೂ ಸೇರಿಸಿ. ಗಂಡ, ಮೈದುನ, ಮೀಸೆ ಮೂಡಿದ ಮಗ, ಒಬ್ಬೊಬ್ಬರಿಗೆ ಒಂದೊಂದು ಸೆಟ್ಟು. ಗುರುತಿಗೆ ಹಿಡಿಗೆ ಒಂದೊಂದು ಬಣ್ಣದ ದಾರ ಕಟ್ಟಿ, ಇಲ್ಲವೆ ಡಬ್ಬದ ಮೇಲೆ ಹೆಸರು ಬರೆಯಿರಿ. ನಿಮ್ಮದೂ ಒಂದು ಬೇರೆ ಇರಲಿ. ನಾಚಿಕೆ ಪಡಬೇಡಿ, ನಿಮ್ಮ ಹೆಸರನ್ನೂ ಬರೆಯಿರಿ.

ಅಕಸ್ಮಾತ್ ಬೇರೆಯವರ ಕತ್ತಿಯೋ ಬ್ಲೇಡೋ ತಗುಲಿ ಕೈ ಕೊಯ್ದರೆ ಗಾಯವನ್ನು ಹಿಂಡಬೇಡಿ, ಬಾಯಿಗೆ ಇಟ್ಟು ಚೀಪಬೇಡಿ. ಹರಿಯುವ ನೀರಿನ ಕೆಳಗೆ ಹಿಡಿದು ಸೋಪು ಹಾಕಿ ತೊಳೆಯಿರಿ. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ನಡೆದದ್ದು ಹೇಳಿ. ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಚುಚ್ಚುಮದ್ದು ಬೇಕೋ ಅಂತ ಡಾಕ್ಟರು ಹೇಳುತ್ತಾರೆ. ಎಚ್.ಐ.ವಿ. ಅನುಮಾನ ಇದ್ದರೆ ಅದಕ್ಕೂ ತಡೆ ಔಷಧಿ ಇದೆ. ಆದರೆ 72 ಗಂಟೆ ಒಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. "ನಾಳೆ ಸಂತೆಗೆ ಹೋದಾಗ ನೋಡೋಣ" ಅಂತ ಬಿಡುವ ವಿಷಯ ಅಲ್ಲ ಇದು.

ಕೊನೆಗೆ ಹಳೇ ಬ್ಲೇಡು ಏನು ಮಾಡೋದು? ತಿಪ್ಪೆಗೆ ಎಸೆದರೆ ದನ ಮೇಯುವಾಗ ನಾಲಿಗೆ ಕೊಯ್ದುಕೊಳ್ಳುತ್ತದೆ. ಕಸಕ್ಕೆ ಹಾಕಿದರೆ ಕಸ ಎತ್ತುವ ಅಕ್ಕನ ಕೈಗೆ ತಗುಲುತ್ತದೆ. ಸೂರಿನ ಸಂದಿಗೆ ಸಿಕ್ಕಿಸಿದರೆ ಒಂದು ದಿನ ಮಕ್ಕಳ ಕೈಗೆ ಬೀಳುತ್ತದೆ. ಮುಚ್ಚಳ ಇರುವ ಹಳೇ ತಗಡಿನ ಡಬ್ಬಿ ಒಂದು ತೆಗೆದುಕೊಳ್ಳಿ. ಮುಚ್ಚಳದಲ್ಲಿ ಬ್ಲೇಡು ತೂರುವಷ್ಟು ಸೀಳು ಮಾಡಿ, ಮಕ್ಕಳ ಹುಂಡಿ ಡಬ್ಬಿಯ ಹಾಗೆ. ಮುಚ್ಚಳ ಬಿಗಿದು ಎತ್ತರದಲ್ಲಿ ಇಡಿ. ಬಳಸಿದ ಬ್ಲೇಡು ನೇರ ಅದರೊಳಗೆ. ಡಬ್ಬಿ ತುಂಬಿದ ಮೇಲೆ ಸೀಳನ್ನು ಗಟ್ಟಿ ಪಟ್ಟಿಯಿಂದ ಮುಚ್ಚಿ, 'ಬ್ಲೇಡು ಇದೆ, ತೆರೆಯಬೇಡಿ' ಅಂತ ಬರೆದು, ಕಸದವರ ಕೈಗೆ ಹೇಳಿ ಕೊಡಿ. ಕಸದ ಗಾಡಿ ಬಾರದ ಊರಾದರೆ ಯಾರೂ ಅಗೆಯದ ಜಾಗದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಡಬ್ಬಿ ಸಮೇತ ಹೂಳಿ.